ಇಂಜಿನ್ನಿನ ಚೀಟಿ

ವಿಜಯಪುರಕ್ಕೆ ಹಳೆಯದನ್ನು ನೋಡಲು ಬರುವವರಿದ್ದಾರೆ, ಕೊಳ್ಳಲು ಬರುವವರಿಲ್ಲ. ಸ್ಟೇಷನ್ ರಸ್ತೆಯ ಮಂದಿಯೆಲ್ಲ ವಿಶಾಖಾಳಿಗೆ ಇದನ್ನೇ ಹೇಳಿದ್ದರು. ಹಳೇ ಆಟಿಕೆಗಳ ಅಂಗಡಿಯಂತೆ, ಯಾರು ಮೂಸುತ್ತಾರೆ ಎಂದು ಮೂಗು ಮುರಿದಿದ್ದರು. ಆಕೆ ಕೇಳಿಸಿಕೊಂಡಳು, ತಲೆಯಾಡಿಸಿದಳು, ಅಂಗಡಿ ತೆರೆದಳು. ಒಂಬತ್ತು ವರ್ಷವಾಯಿತು. ಅಂಗಡಿ ಇನ್ನೂ ಇದೆ. ಬುದ್ಧಿ ಹೇಳಿದವರಲ್ಲಿ ಇಬ್ಬರು ತಮ್ಮ ಅಂಗಡಿಯನ್ನೇ ಮುಚ್ಚಿಕೊಂಡರು, ಅದು ಬೇರೆ ಮಾತು.

ಅಂಗಡಿಗೆ ಕಾಲಿಡುವ ಗಿರಾಕಿ ವಾರಕ್ಕೆ ನಾಲ್ಕು ಜನ ಇದ್ದರೆ ಹೆಚ್ಚು. ಮಾಲು ಹೋಗುವುದೆಲ್ಲ ಪಾರ್ಸೆಲ್ಲಿನಲ್ಲಿ, ಪುಣೆಗೆ, ಮುಂಬೈಗೆ, ಹೈದರಾಬಾದಿಗೆ. ತಗಡಿನ ಮೋಟರು, ಚಾವಿ ಕೊಟ್ಟರೆ ಡೋಲು ಬಾರಿಸುವ ಮಂಗ, ಅರಗಿನ ಬಣ್ಣದ ಬುಗುರಿ, ಅಂಗೈಯಗಲದ ಹಿತ್ತಾಳೆ ಒಲೆ, ಮೂಗು ಹಾರಿಹೋದ ಗೊಂಬೆ. ಕೊಳ್ಳುವವರು ಬಲು ಸಂಶಯದ ಜನ. ಹೊಸ ತಗಡಿಗೆ ಚಹಾ ಬಳಿದು ಹಳೆಯದೆಂದು ಟೋಪಿ ಹಾಕುವವರ ಕೈಗೆ ಸಿಕ್ಕು ಬುದ್ಧಿ ಕಲಿತವರು. ಅದಕ್ಕೇ ವಿಶಾಖಾ ಒಳ್ಳೆಯ ಮಾಲಿಗೆಲ್ಲ ಒಂದು ಚೀಟಿ ಬರೆಸುತ್ತಾಳೆ. ಆಟಿಕೆ ಯಾರ ಮನೆಯದು, ಯಾರು ತಂದದ್ದು, ಎಲ್ಲಿಟ್ಟಿದ್ದರು, ಅಲ್ಲಿ ಇಟ್ಟವರು ಯಾರು. ಮನೆಯವರೇ ತಮ್ಮ ಕೈಯಾರೆ ಬರೆದು ಸಹಿ ಹಾಕಬೇಕು. ಚೀಟಿ ಇಲ್ಲದ ಮಾಲು ಆಕೆಯ ಅಂಗಡಿಯಿಂದ ಹೊರಗೆ ಹೋಗುವುದಿಲ್ಲ. ಈ ಹಟಕ್ಕೆ ಕೈಬಿಟ್ಟ ವ್ಯಾಪಾರ ಎಷ್ಟೋ.

ಚಾವಿ, ಸ್ಪ್ರಿಂಗು ನೋಡಿಕೊಳ್ಳಲು ಜಾವೀದ ಇದ್ದಾನೆ. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವನು. ಮಧ್ಯಾಹ್ನ ಬುತ್ತಿ ತೆಗೆದುಕೊಂಡು ವಿಶಾಖಾಳ ತಾಯಿ ಪರಸವ್ವ ಬರುತ್ತಾಳೆ. ಎಪ್ಪತ್ತು ದಾಟಿದ ಜೀವ, ಸುಮ್ಮನೆ ಕೂಡ್ರು ಎಂದರೆ ಕೇಳುವುದಿಲ್ಲ. ಕಪಾಟು ಒರೆಸುತ್ತಾಳೆ, ನೆಲ ಗುಡಿಸುತ್ತಾಳೆ. ಇದೆಲ್ಲ ಸರಿ. ಹೋಗುವಾಗ ಮಾತ್ರ ಒಂದು ಕೆಲಸ ಮಾಡುತ್ತಾಳೆ, ಅದನ್ನು ಕಂಡರೆ ವಿಶಾಖಾಳಿಗೆ ಮೈಯೆಲ್ಲ ಉರಿಯುತ್ತದೆ. ಹೊಸ್ತಿಲಲ್ಲಿ ನಿಂತು ಸೆರಗು ಬಿಚ್ಚಿ, ಎರಡು ಸಲ ಕೊಡವಿ, ಮತ್ತೆ ಹೊದ್ದುಕೊಂಡು ಹೋಗುತ್ತಾಳೆ.

"ಯವ್ವಾ, ಇದು ನಿನ್ನ ಮಗಳ ಅಂಗಡಿ ಐತಿ. ಇಲ್ಲೆ ಯಾರಿಗೆ ತೋರಸ್ತಿ?"

"ರೂಢಿ ಆಗೇತಿ ಬಿಡ," ಎನ್ನುತ್ತಾಳೆ ಪರಸವ್ವ. ಅಷ್ಟೇ ಉತ್ತರ.

ಈ ರೂಢಿ ಬಿದ್ದದ್ದು ಬಬಲೇಶ್ವರದಲ್ಲಿ. ಪರಸವ್ವ ಅಲ್ಲಿನ ಒಂದು ದೊಡ್ಡ ಮನೆಗೆ ಹೊರಗಿನ ಕೆಲಸಕ್ಕೆ ಹೋಗುತ್ತಿದ್ದಳು. ಕೊಟ್ಟಿಗೆ ಬಳಿಯುವುದು, ಸಗಣಿ ಕುಳ್ಳು ಬಡಿಯುವುದು, ಅಂಗಳ ಸಾರಿಸುವುದು. ಎಂಟು ವರ್ಷದ ವಿಶಾಖಾ ಬೆನ್ನಿಗೆ ಇರುತ್ತಿದ್ದಳು. ಒಂದು ದಿನ ಆ ಮನೆಯ ಹುಡುಗರು ಅಂಗಳದಲ್ಲಿ ಬಿಟ್ಟುಹೋದ ತಗಡಿನ ರೈಲು ಇಂಜಿನ್ನನ್ನು ಹುಡುಗಿ ಕಲ್ಲಿನ ಮೇಲೆ ಓಡಿಸಿದಳು. ಕೆಂಪು ಬಣ್ಣದ್ದು, ಹೊಗೆಗೊಳವೆ ಕರಿದು. ಎರಡು ಸಲ ಓಡಿತ್ತು, ಮೂರನೇ ಸಲಕ್ಕೆ ಒಳಗಿನಿಂದ ಆ ಮನೆಯ ಮುದುಕಿ ಕೂಗಿದಳು. ಹುಡುಗಿ ಬಿಟ್ಟು ಓಡಿಬಂದಳು. ಆವತ್ತಿಗೆ ಅಷ್ಟೇ. ಮೂರು ತಿಂಗಳ ಮೇಲೆ ದಸರೆಗೆ ಆಟಿಕೆ ಹೊರತೆಗೆದು ನೋಡಿದರೆ ಇಂಜಿನ್ನು ಇಲ್ಲ. ಆಗ ನೆನಪಾಯಿತು ನೋಡಿ, ಮುಟ್ಟಿದವರು ಯಾರೆಂದು. ಓಣಿಯ ಮಂದಿಯ ಎದುರು, ದುಂಡವ್ವ, ಹೊಳೆವ್ವ ಎಲ್ಲ ನಿಂತು ನೋಡುತ್ತಿದ್ದಂತೆ, ಪರಸವ್ವನ ಸೆರಗು ಕೊಡವಿಸಿದರು. ಹುಡುಗಿಯ ಲಂಗವನ್ನೂ ಕೊಡವಿಸಿದರು. ಒಂದು ಕಾಳು ಬೀಳಲಿಲ್ಲ. ಆದರೂ ಹೆಸರು ಅಂಟಿಕೊಂಡಿತು.

ಆ ರಾತ್ರಿ ಪರಸವ್ವ ಮಗಳನ್ನು ಎದುರಿಗೆ ಕೂಡಿಸಿಕೊಂಡು ಒಂದೇ ಸಲ ಕೇಳಿದ್ದಳು: "ನೀ ತಗೊಂಡೀಯೇನ?" ವಿಶಾಖಾ ಇಲ್ಲ ಎಂದಳು. ತಾಯಿ ಮತ್ತೆಂದೂ ಕೇಳಲಿಲ್ಲ. ವಾರದಲ್ಲಿ ಊರು ಬಿಟ್ಟು ಟಿಕೋಟಾಕ್ಕೆ ಬಂದರು, ದ್ರಾಕ್ಷಿ ತೋಟದ ಕೂಲಿಗೆ. ಅಲ್ಲಿನ ಮಾಲಕ ಒಳ್ಳೆಯವನು, ಎರಡು ಗೊನೆ ಕಟ್ಟಿಕೊಂಡು ಹೋಗವ್ವ ಎನ್ನುತ್ತಿದ್ದ. ಪರಸವ್ವ ಅವನೆದುರಿಗೇ ಸೆರಗು ಕೊಡವಿ ಬರುತ್ತಿದ್ದಳು. ಇಂಜಿನ್ನು ಎಲ್ಲಿ ಹೋಯಿತೋ, ವಿಶಾಖಾಳಿಗೆ ಅದರ ಚಿಂತೆ ಇರಲಿಲ್ಲ. ಅವ್ವ ತನ್ನ ಮಾತನ್ನು ನಂಬಿದಳೋ ಇಲ್ಲವೋ, ಇದು ಗೊತ್ತಾಗಬೇಕಿತ್ತು. ಮೂವತ್ತೈದು ವರ್ಷದಲ್ಲಿ ಬಾಯಿಬಿಟ್ಟು ಕೇಳಲು ಧೈರ್ಯ ಬಂದಿರಲಿಲ್ಲ.

ಹೀಗಿರುವಾಗ ಕಾರ್ತೀಕದಲ್ಲಿ ಒಂದು ಫೋನು ಬಂತು. ಸುಶೀಲೇಂದ್ರ ಎಂದು ಹೆಸರು, ಕಾಲೇಜಿನಲ್ಲಿ ಪಾಠ ಹೇಳುವವರು, ವಿಜಯಪುರದಲ್ಲೇ ಮನೆ.

"ಮ್ಯಾಡಮ್, ನಮ್ಮ ತಂದಿಯವರು ರೈಲ್ವೇದಾಗಿದ್ರು. ಎಲ್ಲೆ ಹೋದ್ರೂ ಒಂದು ಆಟಿಗಿ ತರೋ ಹುಚ್ಚು. ಹದಿನಾಲ್ಕು ಟ್ರಂಕ್ ಅವ ನೋಡ್ರಿ. ಹಳೇ ಮನಿ ಮಾರೇವಿ, ತಿಂಗಳ ಕೊನಿಗೆ ಖಾಲಿ ಮಾಡಿ ಕೊಡಬೇಕು."

"ಎಲ್ಲೈತ್ರಿ ಮನಿ?"

"ಬಬಲೇಶ್ವರದಾಗ."

ವಿಶಾಖಾ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು. "ಬಾಗಲಕ್ಕ ಎರಡು ಕಲ್ಲಿನ ಆನಿ ಅದಾವೇನ್ರಿ?"

"ಹೌದ್ರಿ! ನಿಮಗ ಹ್ಯಾಂಗ ಗೊತ್ತು?"

"ಕೇಳಿದ್ನಿ," ಎಂದಳು.

ಹೋಗಬಾರದು ಅನಿಸಿತೇ? ಅನಿಸಿತು. ಆದರೆ ಹದಿನಾಲ್ಕು ಟ್ರಂಕು ಅಂದರೆ ಹದಿನಾಲ್ಕು ಟ್ರಂಕು. ಅಂಥ ಸಂಗ್ರಹ ಈ ಜಿಲ್ಲೆಯಲ್ಲಿ ಇನ್ನೊಂದು ಸಿಗಲಿಕ್ಕಿಲ್ಲ. ತಾಯಿಗೆ ಏನೂ ಹೇಳದೆ, ಜಾವೀದನನ್ನು ಕರೆದುಕೊಂಡು, ಒಂದು ಟೆಂಪೋ ಗೊತ್ತುಮಾಡಿ ಬೆಳಿಗ್ಗೆ ಹೊರಟಳು.

ಕಲ್ಲಿನ ಆನೆಗಳು ಇದ್ದಲ್ಲೇ ಇದ್ದವು, ನೆನಪಿನಲ್ಲಿ ಇದ್ದುದಕ್ಕಿಂತ ಸಣ್ಣವು. ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಸುಶೀಲೇಂದ್ರರ ತಾಯಿ ಆನಂದೀಬಾಯಿ ಕೂತಿದ್ದರು. ಎಂಬತ್ತರ ಹತ್ತಿರ ವಯಸ್ಸು, ಕಣ್ಣು ಚುರುಕು. ಮನೆ ಕೈಬಿಡುವ ಮುಂಚೆ ಒಮ್ಮೆ ನೋಡಬೇಕೆಂದು ಮಗನ ಕಾರಿನಲ್ಲಿ ಬಂದಿದ್ದರು. ವಿಶಾಖಾಳನ್ನು ಮೇಲಿಂದ ಕೆಳಗೆ ನೋಡಿ, "ಬರ್ರಿ, ಒಳಗ ಬರ್ರಿ," ಎಂದರು. ಗುರುತು ಸಿಗಲಿಲ್ಲ. ಸಿಗುವುದಾದರೂ ಹೇಗೆ, ಎಂಟು ವರ್ಷದ ಹುಡುಗಿ ಆ ಪಡಸಾಲೆಯನ್ನು ಹತ್ತಿಯೇ ಇರಲಿಲ್ಲ. ವಿಶಾಖಾ ಚಪ್ಪಲಿ ಬಿಟ್ಟು ಹತ್ತಿದಳು, ನೀರು ಕೊಟ್ಟರು, ಸ್ಟೀಲಿನ ಲೋಟದಲ್ಲಿ ಕುಡಿದಳು.

ಆಮೇಲೆ ಕೆಲಸ. ನಾಲ್ಕು ಚಾದರ ಹಾಸಿದಳು. ಒಂದಕ್ಕೆ ನೆಟ್ಟಗಿದ್ದದ್ದು, ಇನ್ನೊಂದಕ್ಕೆ ಜಾವೀದನ ಕೈಗೆ ಹೋಗಬೇಕಾದ್ದು, ಮೂರನೆಯದಕ್ಕೆ ಬಿಡಿ ಚಕ್ರ, ಚಾವಿ, ಮುಚ್ಚಳ, ನಾಲ್ಕನೆಯದು ಗುಜರಿಗೆ. ಸುಶೀಲೇಂದ್ರರು ಒದ್ದೆ ಬಟ್ಟೆಯಿಂದ ಒಂದು ಬಸ್ಸನ್ನು ಒರೆಸಲು ಹೋದರೆ ಆಕೆ ಗದರಿಯೇಬಿಟ್ಟಳು.

"ಮುಟ್ಟಬ್ಯಾಡ್ರಿ ಸರ್! ಧೂಳು ಹೋದ್ರ ವಯಸ್ಸು ಹೋಕ್ಕೈತಿ."

"ಇಂಥಾ ಧಂದೆ ನಾ ಕಂಡೇ ಇಲ್ಲ," ಎಂದರು ಸುಶೀಲೇಂದ್ರರು, ಬಟ್ಟೆ ಕೆಳಗಿಟ್ಟು.

ಮಾಲು ಸುಳ್ಳಲ್ಲ. ಟ್ರಂಕು ತುಂಬಿಸಿದ ಮುದುಕ ನಿಜಕ್ಕೂ ಹುಚ್ಚನೇ, ಒಳ್ಳೆಯ ಕಣ್ಣಿನ ಹುಚ್ಚ. ಎಲ್ಲವೂ ಪೆಟ್ಟಿಗೆ ಸಮೇತ, ಪೆಟ್ಟಿಗೆಯ ಮೇಲೆ ಊರು, ತಾರೀಖು. ಜಾವೀದ ಒಂದೊಂದಕ್ಕೆ ಚಾವಿ ಕೊಟ್ಟು, "ಅರೆ, ನೀ ಇನ್ನೂ ಬದುಕಿದಿಯಲ್ಲೋ ಮಾರಾಯಾ," ಎಂದು ಮಾತಾಡಿಸುತ್ತಿದ್ದ. ಒಂಬತ್ತನೇ ಟ್ರಂಕಿನಲ್ಲಿ ಉದ್ದನೆಯ ಒಂದು ಪೆಟ್ಟಿಗೆ ಸಿಕ್ಕಿತು. ಮುಚ್ಚಳ ತೆಗೆದರೆ ಐದು ರೈಲು ಡಬ್ಬಿ, ಹಳಿಯ ತುಂಡು, ಮುಂದೆ ಒಂದು ಖಾಲಿ ಜಾಗ.

"ಇಂಜಿನ್ನು ಇಲ್ಲರಿ," ಎಂದ ಜಾವೀದ.

"ಅದು ಕಳವಾತು," ಎಂದರು ಸುಶೀಲೇಂದ್ರರು, ಮಳೆ ಬಂತು ಎಂದಷ್ಟು ಸಲೀಸಾಗಿ. "ನಾ ಸಣ್ಣಾವ ಇದ್ದಾಗ. ಹೊರಗಿನ ಕೆಲಸಕ್ಕ ಒಬ್ಬಾಕಿ ಬರ್ತಿದ್ಲು. ಪರಸವ್ವೋ ಏನೋ. ಆಕಿ ತಗೊಂಡು ಹೋದ್ಲು."

"ತಗೊಂಡಿದ್ದು ಯಾರರ ನೋಡಿದ್ರೇನ್ರಿ?" ವಿಶಾಖಾ ತಲೆಯೆತ್ತದೆ ಕೇಳಿದಳು.

"ನೋಡೋದೇನು, ಆಕಿ ಮಗಳು ಅದರ ಸಂಗಾಟ ಆಡಿದ್ದು ಎಲ್ಲಾರೂ ನೋಡಿದ್ರು."

ವಿಶಾಖಾ ವಹಿಯಲ್ಲಿ ಬರೆದಳು: ರೈಲು, ಐದು ಡಬ್ಬಿ, ಇಂಜಿನ್ನು ಇಲ್ಲ. ಉಳಿದದ್ದನ್ನು ವಹಿಯಲ್ಲಿ ಬರೆಯುವ ರೂಢಿ ಇಲ್ಲ.

ಟ್ರಂಕುಗಳು ಮುಗಿದ ಮೇಲೆ ಆಕೆ ಇನ್ನೊಂದು ಕೆಲಸ ಮಾಡುತ್ತಾಳೆ, ಯಾವ ಮನೆಗೆ ಹೋದರೂ. ಅಟ್ಟ, ಹಿತ್ತಲು, ಕೊಟ್ಟಿಗೆ ಎಲ್ಲ ತಡಕುತ್ತಾಳೆ. ಮನೆಯವರು ಜೋಪಾನ ಮಾಡಿದ್ದು ಟ್ರಂಕಿನಲ್ಲಿ ಇರುತ್ತದೆ, ಉರುಳಿಹೋದ ಚಕ್ರ, ಬಿದ್ದುಹೋದ ಚಾವಿ ಇರುವುದು ಅಲ್ಲೆಲ್ಲ. ಒಂದು ಚಾವಿ ಸಿಕ್ಕರೂ ಸತ್ತ ಮಂಗ ಎದ್ದು ಡೋಲು ಬಾರಿಸುತ್ತದೆ. ಬ್ಯಾಟರಿ ಹಿಡಿದು ಕೊಟ್ಟಿಗೆಗೆ ಹೋದಳು. ಪರಸವ್ವ ಊರು ಬಿಟ್ಟ ವರ್ಷವೇ ಮನೆಯವರು ದನ ಮಾರಿದ್ದರಂತೆ, ಅಂದಿನಿಂದ ಬಾಗಿಲು ಹಾಕಿದ್ದು ಹಾಗೇ ಇತ್ತು. ಗೋಡೆಯಲ್ಲಿ ಎದೆಯೆತ್ತರಕ್ಕೆ ಒಂದು ಗೂಡು.

ಆ ಗೂಡು ಆಕೆಗೆ ಚೆನ್ನಾಗಿ ಗೊತ್ತು. ಅದರಲ್ಲಿ ಅವ್ವನ ಜರ್ಮನ್ ತಗಡಿನ ಬಟ್ಟಲು ಇರುತ್ತಿತ್ತು, ತನ್ನದೊಂದು ಕರಟ. ಕೆಲಸ ಮುಗಿದ ಮೇಲೆ ಅವನ್ನು ತೆಗೆದುಕೊಂಡು ಹಿತ್ತಲ ಬಾಗಿಲಲ್ಲಿ ಹಿಡಿದರೆ ಮೇಲಿನಿಂದ ಚಹಾ ಹೊಯ್ಯುತ್ತಿದ್ದರು. ತೊಳೆದು ಮತ್ತೆ ಗೂಡಿಗೆ. ಬಟ್ಟಲು ಇನ್ನೂ ಅಲ್ಲೇ ಇತ್ತು. ಅದರ ಹಿಂದೆ ಬಾಯಿಗೆ ಅರಿವೆ ಕಟ್ಟಿದ ಒಂದು ಸಣ್ಣ ಗಡಿಗೆ. ಅರಿವೆ ಮುಟ್ಟಿದರೆ ಪುಡಿಯಾಯಿತು. ಒಳಗೆ ಕೈ ಹಾಕಿದಳು.

ಕೆಂಪು ಬಣ್ಣ. ಹೊಗೆಗೊಳವೆ ಕರಿದು.

ಇಂಜಿನ್ನನ್ನೂ ಬಟ್ಟಲನ್ನೂ ಹಿಡಿದುಕೊಂಡು ಪಡಸಾಲೆಗೆ ಬಂದಳು. ಎರಡನ್ನೂ ಆನಂದೀಬಾಯಿಯವರ ಮುಂದೆ ನೆಲದ ಮೇಲೆ ಇಟ್ಟಳು.

"ಇದು ಕೊಟ್ಟಿಗಿ ಗೂಡಿನ್ಯಾಗಿತ್ತರಿ. ಗಡಿಗ್ಯಾಗ, ಅರಿವಿ ಕಟ್ಟಿ ಇಟ್ಟಿದ್ರು. ಯಾರು ಇಟ್ಟಾರರಿ?"

ಮುದುಕಿಯ ಮುಖ ಒಮ್ಮೆಗೇ ಇಳಿಯಿತು. ಇಂಜಿನ್ನಿಗಿಂತ ಹೆಚ್ಚಾಗಿ ಅವರು ಬಟ್ಟಲನ್ನೇ ನೋಡುತ್ತಿದ್ದರು.

"ನಾನ," ಎಂದರು ಕೊನೆಗೆ. "ಅತ್ತಿಯವರು ಹೇಳಿದ್ರು. ಆ ಹುಡುಗಿ ಮುಟ್ಟ್ಯಾಳ, ಮೈಲಿಗಿ ಆಗೇದ, ಟ್ರಂಕಿನ್ಯಾಗ ಇಡಬ್ಯಾಡಾ, ಹೊರಗ ಅವರ ಗೂಡಿನ್ಯಾಗ ಇಡು ಅಂದ್ರು. ಇಟ್ಟೆ. ಆಮ್ಯಾಲ... ಅತ್ತಿಯವರಿಗೂ ನನಗೂ ಅದು ನೆನಪ ಹೋತು."

ಅದು ನೆನಪು ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಆ ಗೂಡಿಗೆ ಹೋದದ್ದು ಮನೆಯ ಸಾಮಾನೇ ಅಲ್ಲ ಎಂದು ಆ ಮನೆಯ ತಿಳುವಳಿಕೆ. ಇಂಜಿನ್ನು ಕಾಣದಾದಾಗ ಮೂರು ಅಂತಸ್ತು ಹುಡುಕಿದರು, ಬಾವಿಯಲ್ಲಿ ಇಣುಕಿದರು, ಬಡವಿಯ ಸೆರಗು ಕೊಡವಿಸಿದರು. ಆ ಗೂಡಿಗೆ ಮಾತ್ರ ಯಾರೂ ಕೈ ಹಾಕಲಿಲ್ಲ, ಹಾಕಿದರೆ ಸ್ನಾನ ಮಾಡಬೇಕಿತ್ತು.

"ಆ ಹುಡುಗಿ ನಾನರಿ," ಎಂದಳು ವಿಶಾಖಾ. "ಪರಸವ್ವನ ಮಗಳು."

ಸುಶೀಲೇಂದ್ರರು ಎದ್ದು ನಿಂತರು, ಮತ್ತೆ ಕೂತರು. "ಅಯ್ಯೋ... ಮ್ಯಾಡಮ್, ನನಗ ಗೊತ್ತಿರಲಿಲ್ಲ. ತಪ್ಪು ತಿಳೀಬ್ಯಾಡ್ರಿ. ಹಳೇ ಕಾಲದ್ದು. ಈ ಇಂಜಿನ್ ನೀವ ಇಟಗೋರಿ, ನಾ ಏನೂ ಕೇಳಂಗಿಲ್ಲ."

"ಫುಕಟ ಒಯ್ಯಂಗಿಲ್ಲರಿ. ಎಲ್ಲಾ ಮಾಲಿನಂಗ ಇದಕ್ಕೂ ಬೆಲಿ ಹಿಡೀತೇನಿ. ಎಲ್ಲಾ ಮಾಲಿನಂಗ ಇದಕ್ಕೂ ಚೀಟಿ ಬೇಕು. ಅಮ್ಮಾರು ಬರದು ಕೊಡಬೇಕು."

ಆನಂದೀಬಾಯಿ ಕನ್ನಡಕ ಹಾಕಿಕೊಂಡು ಬರೆದರು. ಅಕ್ಷರ ದುಂಡಗೆ, ಚೆಂದ. 'ಈ ಇಂಜಿನ್ನು ನಮ್ಮ ಬಬಲೇಶ್ವರದ ಮನೆಯದು. ಕೊಟ್ಟಿಗೆಯಲ್ಲಿ ಮರೆತು ಉಳಿದಿತ್ತು. ಈಗ ದೊರೆತಿದೆ.'

ವಿಶಾಖಾ ಓದಿ ಹಿಂದಕ್ಕೆ ಕೊಟ್ಟಳು. "ತಾನ ನಡಕೋತ ಹೋಗಿ ಗಡಿಗ್ಯಾಗ ಕುಂತಿತ್ತೇನ್ರಿ? ಇಟ್ಟಾವರ ಹೆಸರು ಬೇಕು. ಯಾಕ ಇಟ್ರಿ ಅದೂ ಬೇಕು."

ಈಗ ಸುಶೀಲೇಂದ್ರರಿಗೆ ಸಿಟ್ಟು ಬಂತು. "ಇದೇನು ಕೋರ್ಟ್ ಏನ್ರಿ? ವಯಸ್ಸಾದವರ ಕಡೆ ಇದನ್ನೆಲ್ಲಾ ಬರಸ್ತೀರಿ? ಸೊಲ್ಲಾಪುರದ ವ್ಯಾಪಾರಿ ಒಬ್ಬಾವ ಕೇಳಲಿಕ್ಕೆ ಹತ್ಯಾನ, ಅವನಿಗೆ ಯಾವ ಚೀಟಿನೂ ಬ್ಯಾಡಾ."

"ಹಂಗಾರ ಅವರಿಗೇ ಕೊಡ್ರಿ," ಎಂದಳು ವಿಶಾಖಾ. ವಹಿ ಮುಚ್ಚಿದಳು. "ಜಾವೀದ, ಚಾದರ ಮಡಚು."

ಬೆಳಗಿನಿಂದ ಬೆನ್ನು ಬಗ್ಗಿಸಿ ವಿಂಗಡಿಸಿದ ಹದಿನಾಲ್ಕು ಟ್ರಂಕಿನ ಮಾಲು ನಾಲ್ಕು ಚಾದರಗಳ ಮೇಲೆ ಬಿದ್ದಿತ್ತು. ವಿಶಾಖಾಳಿಗೂ ಆಸೆ ಇತ್ತು, ಸುಳ್ಳು ಹೇಳಬಾರದು. ಇಂಥ ಮಾಲು ಮತ್ತೆ ಸಿಗುವುದಿಲ್ಲ. ಆದರೂ ಬಗ್ಗಿ ಚಾದರದ ತುದಿ ಹಿಡಿದಳು.

"ತಡಿಯವ್ವ," ಎಂದರು ಆನಂದೀಬಾಯಿ. ಇಷ್ಟು ಹೊತ್ತು 'ರಿ' ಹಚ್ಚಿ ಮಾತಾಡಿದವರು ಈಗ ಅವ್ವ ಎಂದರು. "ಸುಶೀಲೇಂದ್ರ, ನೀ ಸುಮ್ನಿರು. ಇನ್ನೊಂದು ಹಾಳಿ ಕೊಡು."

ಬಹಳ ಹೊತ್ತು ಬರೆದರು. ಈ ಸಲ ಅಕ್ಷರ ಅಷ್ಟು ದುಂಡಗಿರಲಿಲ್ಲ. ಬರೆದು, ಸಹಿ ಹಾಕಿ, ತಾವೇ ಎದ್ದು ಬಂದು ವಿಶಾಖಾಳ ಕೈಗೆ ಕೈ ತಾಗಿಸಿ ಕೊಟ್ಟರು. ಆಕೆ ನಿಂತಲ್ಲೇ ಓದಿಕೊಂಡು ಮಡಚಿ ಇಟ್ಟುಕೊಂಡಳು. ಜಾವೀದ ಮತ್ತೆ ಚಾದರ ಹಾಸಿದ.

ಮರುದಿನ ಮಧ್ಯಾಹ್ನ ಪರಸವ್ವ ಎಂದಿನಂತೆ ಬುತ್ತಿ ತಂದಳು. ಅಂಗಡಿಯ ತುಂಬ ಟ್ರಂಕು ಕಂಡು, "ಎಲ್ಲೀವು?" ಎಂದು ಕೇಳಿದಳು. ವಿಶಾಖಾ ಮೇಜಿನ ಮೇಲೆ ಇಂಜಿನ್ನು ಇಟ್ಟಳು.

ಪರಸವ್ವ ಅದನ್ನು ನೋಡಿದಳು. ಅವಳ ಮುಖದಲ್ಲಿ ಮೊದಲು ಬಂದದ್ದು ಬೆರಗಲ್ಲ, ಅಂಜಿಕೆ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ಸಣ್ಣದು ಮಾಡಿ, "ಇದು ನಿನ್ನ ಕಡೆ ಹೆಂಗ ಬಂತ?" ಎಂದಳು.

ವಿಶಾಖಾಳಿಗೆ ಮೂವತ್ತೈದು ವರ್ಷ ಕೇಳಲು ಅಂಜಿದ್ದಕ್ಕೆ ಉತ್ತರ ಸಿಕ್ಕಿತ್ತು. ಚೀಟಿ ಬಿಚ್ಚಿ, ಓದು ಬಾರದ ತಾಯಿಗೆ ಗಟ್ಟಿಯಾಗಿ ಓದಿ ಹೇಳಿದಳು.

'ಈ ಇಂಜಿನ್ನನ್ನು ಕೊಟ್ಟಿಗೆಯ ಗೂಡಿನಲ್ಲಿ ಇಟ್ಟವಳು ನಾನು, ಆನಂದೀಬಾಯಿ. ಹೊರಗಿನ ಮಗು ಮುಟ್ಟಿತೆಂದು ಇಟ್ಟೆ. ಇಟ್ಟು ಮರೆತೆ. ಪರಸವ್ವನೂ ತೆಗೆದುಕೊಂಡಿರಲಿಲ್ಲ, ಅವಳ ಮಗಳೂ ತೆಗೆದುಕೊಂಡಿರಲಿಲ್ಲ. ನಾವು ಆಡಿದ್ದು ಸುಳ್ಳು.'

"ಇನ್ನೊಮ್ಮೆ ಓದು," ಎಂದಳು ಪರಸವ್ವ.

ಓದಿದಳು.

"ಯಾವ ಗೂಡು? ನನ್ನ ಬಟ್ಟಲ ಇಡ್ತಿದ್ನೆಲ್ಲ, ಅದ?"

"ಹೂಂ. ಬಟ್ಟಲ ಹಿಂದಿನ ಗಡಿಗ್ಯಾಗ."

ಪರಸವ್ವ ಟ್ರಂಕಿನ ಮೇಲೆ ಕುಕ್ಕರಿಸಿದಳು. "ಆ ಗಡಿಗಿ ದಿನಾ ನೋಡ್ತಿದ್ನಿ. ಬ್ಯಾರೇದವರದು, ನಮಗ್ಯಾಕ ಅಂತ ಒಂದಿನ ಬಾಯಿ ಬಿಚ್ಚಿ ನೋಡಲಿಲ್ಲ. ನೋಡಿದ್ರ..." ಇಂಜಿನ್ನನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಜಾವೀದ ಎದ್ದು ಚಹಾ ತರುತ್ತೇನೆಂದು ಹೊರಗೆ ಹೋದ. ಚಹಾ ಆಗಲೇ ಬಂದಾಗಿತ್ತು.

"ನಾ ಸೆರಗ ಝಾಡಸ್ತಿದ್ದದ್ದು ಮಂದಿಗೆ ತೋರಸಾಕಲ್ಲವ್ವ," ಎಂದಳು ಪರಸವ್ವ. "ನೀ ಸಣ್ಣಾಕಿ ಇದ್ದಿ. ಆಸೇಕ ಬಿದ್ದು ನನ್ನ ಸೆರಗಿನ್ಯಾಗ ಏನರ ಹಾಕಿರ್ತಿ, ಗೊತ್ತಾಗದ ಒಯ್ದೇನಿ ಅಂತ ಝಾಡಸ್ತಿದ್ನಿ. ನೀ ಇಲ್ಲ ಅಂದಿ. ನನಗ ನಂಬಿಕಿ ಬರಲಿಲ್ಲ. ಇವತ್ತಿನ ತನಾ ಬರಲಿಲ್ಲ."

ವಿಶಾಖಾ ಬುತ್ತಿಯ ಡಬ್ಬಿ ಬಿಚ್ಚಿ, ತಾಯಿಗೆ ಒಂದು ರೊಟ್ಟಿ ಕೊಟ್ಟಳು. ಇಬ್ಬರೂ ಉಂಡರು. ರೈಲಿನ ಪೆಟ್ಟಿಗೆ ಪಕ್ಕದಲ್ಲೇ ತೆರೆದಿತ್ತು, ಮುಂದಿನ ಜಾಗ ಖಾಲಿ.

ಊಟವಾದ ಮೇಲೆ ಪರಸವ್ವ ಎದ್ದಳು. ಇಂಜಿನ್ನನ್ನು ಪೆಟ್ಟಿಗೆಯಲ್ಲಿ ಇಡಲಿಲ್ಲ. ಚೀಟಿಯನ್ನು ಅದರ ಸುತ್ತ ಸುತ್ತಿ, ಸೆರಗಿನ ತುದಿಯಲ್ಲಿ ಗಂಟು ಹಾಕಿದಳು, ಬಿಗಿಯಾಗಿ, ಎರಡು ಸುತ್ತು.

"ಬಬಲೇಶ್ವರದ ಬಸ್ ಎಷ್ಟಕ್ಕೈತಿ?"

"ಎರಡೂವರಿಗೆ. ಯಾಕ?"

"ದುಂಡವ್ವಗ ತೋರಸಿ ಬರ್ತೇನಿ. ಅವತ್ತ ಮುಂದ ನಿಂತು ನೋಡಿದಾಕಿ, ಸಾಯೂ ಮುಂಚೆ ಇದನ್ನೂ ನೋಡ್ಲಿ."

ಹೊಸ್ತಿಲಿಗೆ ಬಂದಾಗ ಅವಳ ಕೈ ತಾನಾಗಿ ಸೆರಗಿಗೆ ಹೋಯಿತು. ಗಂಟಿನ ಭಾರ ಕೈಗೆ ಸಿಕ್ಕಿತು. ಅದನ್ನು ಹಿಡಿದುಕೊಂಡು ಒಂದು ಕ್ಷಣ ನಿಂತಳು. ಆಮೇಲೆ ಕೊಡವದೆ, ತಲೆಯ ಮೇಲೆ ಸೆರಗು ಎಳೆದುಕೊಂಡು, ಸ್ಟೇಷನ್ ರಸ್ತೆಯ ನಡುಮಧ್ಯಾಹ್ನದ ಮಂದಿಯೊಳಗೆ ಇಳಿದು ನಡೆದಳು.